ಪೆಟ್ಟಿಗೆ ತಾತ

ನಮ್ಮ ಲೈನಿನ, ಅಂದರೆ ಗಣಿ ಕಾರ್ಮಿಕರ ಮನೆಸಾಲಿನ, ಮಕ್ಕಳಿಗೆ 'ಟಾಯ್ ಸ್ಟೋರಿ 2' ಅಂದರೆ ತಿಳಿಯುತ್ತಿರಲಿಲ್ಲ. 'ಪೆಟ್ಟಿಗೆ ತಾತನ ಸಿನಿಮಾ' ಅನ್ನಬೇಕಿತ್ತು. ಟೋಪಿಯ ಕೌಬಾಯ್ ಬೊಂಬೆ ವುಡಿಯಾಗಲಿ, ಎದೆ ತುಂಬಾ ಗುಂಡಿಗಳಿರುವ ಗಗನಯಾತ್ರಿ ಬಜ್ ಆಗಲಿ ನಮಗೆ ಹೀರೋಗಳಲ್ಲ. ಬಿಳಿ ಗಡ್ಡ, ಗುಂಡು ಹೊಟ್ಟೆ, ಕೈಯಲ್ಲೊಂದು ಪಿಕಾಸಿ ಹಿಡಿದು, ರಟ್ಟಿನ ಪೆಟ್ಟಿಗೆಯಿಂದ ಒಂದು ಸಲವೂ ಆಚೆ ಬಾರದೆ ನಿಂತಿದ್ದ ಮುದುಕನೇ ಹೀರೋ. ಸಿನಿಮಾದವರು ಅವನಿಗಿಟ್ಟ ಹೆಸರು ಸ್ಟಿಂಕಿ ಪೀಟ್; ಚಿನ್ನ ಹುಡುಕಿಕೊಂಡು ಅಲೆಯುವ ಪ್ರಾಸ್ಪೆಕ್ಟರ್. ಚಿನ್ನದ ಗಣಿ ಊರಿನ ಮಕ್ಕಳು ಅವನನ್ನು ಬಿಟ್ಟು ಇನ್ಯಾರನ್ನು ಹೀರೋ ಮಾಡಿಕೊಳ್ಳಬೇಕಿತ್ತು?

ಅವನು ಆ ಸಿನಿಮಾದ ವಿಲನ್ ಅನ್ನುವ ಸಂಗತಿ ನಮಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಅದಕ್ಕೆ ಅರ್ಧ ಕಾರಣ ಕರೆಂಟು, ಇನ್ನರ್ಧ ನಮ್ಮಪ್ಪ.

2001ರ ಡಿಸೆಂಬರ್. ಅದೇ ವರ್ಷ ಫೆಬ್ರವರಿ 28ಕ್ಕೆ ನಮ್ಮೂರು ಕೋಲಾರ ಗೋಲ್ಡ್ ಫೀಲ್ಡ್ಸ್‌ನ, ಅಂದರೆ ಕೆಜಿಎಫ್‌ನ, ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ ಲೆಕ್ಕ ಹಾಕಿದರೆ ನೂರ ಇಪ್ಪತ್ತು ವರ್ಷಗಳ ಕೆಲಸ, ಸುಮಾರು 800 ಟನ್ ಚಿನ್ನ, ಅದಷ್ಟೂ ಒಂದು ದಿನಕ್ಕೆ ನಿಂತುಹೋಯಿತು. ದೊಡ್ಡವರು ಇದನ್ನು ಕಾಗದ, ಯೂನಿಯನ್, ಕೋರ್ಟು ಅಂತ ಮಾತಾಡುತ್ತಿದ್ದರು. ಮಕ್ಕಳಾದ ನಮಗೆ ತಿಳಿದದ್ದು ಬೇರೆ ರೀತಿಯಲ್ಲಿ. ಶಿಫ್ಟಿನ ಸೈರನ್ ಕೂಗುವುದು ನಿಂತಿತ್ತು. ಶಾಫ್ಟಿನ ಮೇಲಿನ ಚಕ್ರಗಳು ತಿರುಗುತ್ತಿರಲಿಲ್ಲ. ಅಪ್ಪಂದಿರು ಹಗಲು ಹೊತ್ತು ಮನೆಯಲ್ಲಿ ಕೂತಿರುತ್ತಿದ್ದರು. ನಮಗೆ ಅದೇ ಎಲ್ಲಕ್ಕಿಂತ ವಿಚಿತ್ರವಾಗಿತ್ತು. ನಮ್ಮಪ್ಪನಂಥವರು ಹಗಲಲ್ಲಿ ಮನೆಯಲ್ಲಿರುವುದೆಂದರೆ ಒಂದೋ ನೈಟ್ ಶಿಫ್ಟ್ ಮುಗಿಸಿ ಮಲಗಿರಬೇಕು, ಇಲ್ಲವೇ ಕಾಯಿಲೆ ಬಿದ್ದಿರಬೇಕು. ಎದ್ದು ಕೂತು, ಏನೂ ಮಾಡದೆ, ಬಾಗಿಲ ಕಡೆ ನೋಡುವ ಅಪ್ಪನನ್ನು ನಾವು ಕಂಡಿರಲಿಲ್ಲ.

ಅಪ್ಪನದು ಟಿಂಬರ್ ಕೆಲಸ. ಬಂಡೆ ಕುಸಿಯದ ಹಾಗೆ ಮರದ ಆಸರೆ ಕೊಡುವುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು; ಪ್ರಪಂಚದ ಬಹಳ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಕೆಳಗೆ ಬಂಡೆಯೇ ಕಾದಿರುತ್ತದೆ, ಅರವತ್ತು ಡಿಗ್ರಿ ದಾಟುತ್ತದೆ. ಮೇಲಿನ ಭಾರಕ್ಕೆ ಸಿಕ್ಕ ಬಂಡೆ ಒಮ್ಮೊಮ್ಮೆ ತಾನಾಗಿ ಸಿಡಿಯುತ್ತದೆ. ಅದನ್ನು ರಾಕ್ ಬರ್ಸ್ಟ್ ಅನ್ನುತ್ತಿದ್ದರು. ಕೆಳಗೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಲೈನಿನ ಎಲ್ಲ ಬಾಗಿಲುಗಳಲ್ಲೂ ಒಬ್ಬೊಬ್ಬ ಹೆಂಗಸು. ಯಾರೂ ಮಾತಾಡುತ್ತಿರಲಿಲ್ಲ.

ಗಣಿ ಮುಚ್ಚಿದ ಮೇಲೂ ಕ್ರಿಸ್‌ಮಸ್ ಬಂತು. ನಮ್ಮ ಲೈನಿನಲ್ಲಿ ತಮಿಳರು, ತೆಲುಗರು, ಕನ್ನಡದವರು, ಕ್ರೈಸ್ತರು ಎಲ್ಲ ಕಲಸಿಕೊಂಡೇ ಇದ್ದದ್ದು. ಮುಳಬಾಗಿಲು ಕಡೆಯಿಂದ ಬಂದ ನಮ್ಮಂಥ ಕನ್ನಡದವರು ಕಡಿಮೆ. ಆಟವೆಲ್ಲ ತಮಿಳಿನಲ್ಲಿ, ಬೈಗುಳ ಮೂರೂ ಭಾಷೆಯಲ್ಲಿ. ಕ್ರಿಸ್‌ಮಸ್ಸಿಗೆ ಯಾರ ಮನೆಯೆಂದಿಲ್ಲ, ಎಲ್ಲರ ಸೂರಿಗೂ ಕಾಗದದ ನಕ್ಷತ್ರ. ಆ ವರ್ಷ ನಕ್ಷತ್ರಗಳು ಕಮ್ಮಿಯಾಗಿದ್ದವು. ಅದಕ್ಕೇ ಇರಬೇಕು, ಕೊನೆಯ ಮನೆಯ ಅಣ್ಣ, ಅವನೊಬ್ಬನ ಹತ್ತಿರವೇ ಕಲರ್ ಟಿವಿ ಇದ್ದದ್ದು, ಎಲ್ಲರ ಹತ್ತಿರ ಐದೋ ಹತ್ತೋ ರೂಪಾಯಿ ಎತ್ತಿ ರಾಬರ್ಟ್‌ಸನ್ ಪೇಟೆಯಿಂದ ಒಂದು ರಾತ್ರಿಗೆ ವಿಸಿಡಿ ಪ್ಲೇಯರ್ ಬಾಡಿಗೆಗೆ ತಂದ. ಬೆಳಿಗ್ಗೆ ವಾಪಸು ಕೊಡಬೇಕು. ದೊಡ್ಡವರಿಗೆ ಒಂದು ರಜನಿ ಸಿನಿಮಾ, ಮಕ್ಕಳಿಗೊಂದು ಬೊಂಬೆ ಸಿನಿಮಾ. ಮಕ್ಕಳು ನಿದ್ದೆ ಹೋಗುವ ಮೊದಲೇ ಆಗಲಿ ಅಂತ ನಮ್ಮದನ್ನೇ ಮುಂಚೆ ಹಾಕಿದರು. ಇಂಥ ನ್ಯಾಯ ಆ ಲೈನಿನಲ್ಲಿ ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ನಾನು ಕಂಡಿಲ್ಲ.

ವಿಸಿಡಿ ಕಾಲ ಕಂಡವರಿಗೆ ಗೊತ್ತು, ಒಂದು ಸಿನಿಮಾಕ್ಕೆ ಎರಡು ಡಿಸ್ಕ್. ಮೊದಲನೆಯದು ಮುಗಿದ ಮೇಲೆ ಯಾರಾದರೂ ಎದ್ದು ಎರಡನೆಯದನ್ನು ಹಾಕಬೇಕು.

ಮೊದಲ ಡಿಸ್ಕಿನಲ್ಲಿ ನಾವು ಕಂಡದ್ದು ಇಷ್ಟು. ಆಂಡಿ ಅನ್ನುವ ಹುಡುಗನ ನೆಚ್ಚಿನ ಬೊಂಬೆ ವುಡಿ. ಆಡುವಾಗ ಅದರ ತೋಳಿನ ಹೊಲಿಗೆ ಕಿತ್ತುಹೋಗುತ್ತದೆ, ಅಮ್ಮ ಅದನ್ನು ಎತ್ತಿ ಅಟ್ಟಣೆ ಮೇಲಿಡುತ್ತಾಳೆ. ಅಲ್ಲಿ ಇನ್ನೊಂದು ಬೊಂಬೆ, ಕೂಗು ಕೆಟ್ಟುಹೋದ ಪೆಂಗ್ವಿನ್, ಎಂದಿನಿಂದಲೋ ಧೂಳು ತಿನ್ನುತ್ತಾ ಕೂತಿದೆ. ಅದನ್ನು ಹಳೇ ಸಾಮಾನಿನ ಜೊತೆ ಅಂಗಳದಲ್ಲಿ ಮಾರಲು ಇಟ್ಟಾಗ ವುಡಿ ಕಾಪಾಡಲು ಹೋಗಿ ತಾನೇ ಒಬ್ಬ ಬೊಂಬೆ ವ್ಯಾಪಾರಿಯ ಕೈಗೆ ಸಿಕ್ಕಿಬೀಳುತ್ತದೆ. ವ್ಯಾಪಾರಿಯ ಮನೆಯಲ್ಲಿ ಕೌಗರ್ಲ್ ಜೆಸ್ಸಿ, ಬುಲ್ಸ್‌ಐ ಅನ್ನುವ ಕುದುರೆ, ಆಮೇಲೆ ನಮ್ಮ ತಾತ. ಈ ನಾಲ್ವರೂ ಒಂದು ಕಾಲದ ಟಿವಿ ಕಾರ್ಯಕ್ರಮದವರಂತೆ, ಒಂದೇ ಸೆಟ್ಟಿನ ಬೊಂಬೆಗಳಂತೆ. ರಷ್ಯಾದವರು ಸ್ಪುಟ್ನಿಕ್ ಹಾರಿಸಿದ ಮೇಲೆ ಮಕ್ಕಳಿಗೆಲ್ಲ ರಾಕೆಟ್ಟಿನ ಹುಚ್ಚು ಹಿಡಿದು ಕುದುರೆ, ಕೌಬಾಯ್ ಯಾರಿಗೂ ಬೇಡವಾಯಿತು, ಕಾರ್ಯಕ್ರಮ ನಿಂತಿತು ಅಂತ ತಾತನೇ ಹೇಳುತ್ತಾನೆ. ಈಗ ವ್ಯಾಪಾರಿ ನಾಲ್ವರನ್ನೂ ಜಪಾನಿನ ಮ್ಯೂಸಿಯಮ್ಮಿಗೆ ಮಾರಲಿದ್ದಾನೆ. ನಾಲ್ವರಲ್ಲಿ ಒಬ್ಬ ಕಮ್ಮಿಯಾದರೂ ಉಳಿದವರು ಮತ್ತೆ ಕತ್ತಲೆ ಗೋದಾಮಿಗೇ.

ಮುಂದೆ ಜೆಸ್ಸಿಯ ಹಾಡು. ಅವಳನ್ನು ಸಾಕಿದ ಹುಡುಗಿ ದೊಡ್ಡವಳಾಗುತ್ತಾಳೆ. ಬೊಂಬೆ ಮಂಚದ ಕೆಳಗೆ ಬೀಳುತ್ತದೆ. ವರ್ಷಗಳಾದ ಮೇಲೆ ಒಂದು ದಿನ ಹುಡುಗಿ ಅದನ್ನು ಎತ್ತಿಕೊಂಡು ಕಾರಿನಲ್ಲಿ ಕೂರಿಸಿಕೊಳ್ಳುತ್ತಾಳೆ. ಹಳೇ ದಿನ ಮರಳಿತು ಅಂದುಕೊಂಡರೆ, ದಾನದ ಪೆಟ್ಟಿಗೆಗೆ ಹಾಕಿ ರಸ್ತೆ ಪಕ್ಕ ಬಿಟ್ಟುಹೋಗುತ್ತಾಳೆ. ರ‍್ಯಾಂಡಿ ನ್ಯೂಮನ್ ಬರೆದ ಆ ಹಾಡಿನ ಇಂಗ್ಲಿಷು ನಮ್ಮಲ್ಲಿ ಅರ್ಧ ಜನಕ್ಕೆ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ರಜನಿಗೆಂದು ಕಾಯುತ್ತಾ ಗೋಡೆಗೊರಗಿ ಹರಟುತ್ತಿದ್ದ ಹೆಂಗಸರೆಲ್ಲ ಸುಮ್ಮನಾದರು. ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ಬೊಂಬೆಗೇನ್ ಗೊತ್ತಾಗ್ತದೆ ಪಾಪ, ಕಾರಲ್ಲಿ ಕೂರಿಸ್ಕಂಡು ಹೋದ್ರೆ ಖುಷಿಯಾಗೋಯ್ತು ಅದಕ್ಕೆ" ಅಂದಳು.

ಡಿಸ್ಕ್ ಅಲ್ಲಿಗೆ ಮುಗಿಯಿತು. ಅಣ್ಣ ಎದ್ದು ಎರಡನೆಯದನ್ನು ಕವರಿನಿಂದ ತೆಗೆದ, ಪ್ಯಾಂಟಿಗೆ ಒರೆಸಿದ. ಕರೆಂಟು ಹೋಯಿತು.

ಒಂದು ಮಾತು ಹೇಳಿಬಿಡುತ್ತೇನೆ. ಕೆಜಿಎಫ್‌ಗೆ ಕರೆಂಟು ಬಂದದ್ದು 1902ರಲ್ಲಿ. ಕಾವೇರಿಯ ಶಿವನಸಮುದ್ರದಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಮೊದಲು ದೀಪ ಹಚ್ಚಿದ್ದು ನಮ್ಮ ಗಣಿಗೆ. ಬೆಂಗಳೂರಿನ ಬೀದಿಗೆ ಆಮೇಲೆ. ಇದನ್ನು ನಮ್ಮೂರಿನವರು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಅಂಥ ಊರಿನಲ್ಲಿ, ಗಣಿ ಮುಚ್ಚಿದ ವರ್ಷದ ಕ್ರಿಸ್‌ಮಸ್ ರಾತ್ರಿ, ಲೈನಿಗೆ ಲೈನೇ ಕತ್ತಲೆ. ಅರ್ಧ ಗಂಟೆ ಕಾದೆವು. ಬರಲಿಲ್ಲ. ಚಿಕ್ಕ ಮಕ್ಕಳು ಅಳಲು ಶುರು ಮಾಡಿದವು. ಡಿಸೆಂಬರಿನಲ್ಲಿ ನಮ್ಮಲ್ಲಿ ಚಳಿ ಮೂಳೆಗಿಳಿಯುತ್ತದೆ. ಬಿಳಿಯರು ಈ ಊರನ್ನು ಪುಟ್ಟ ಇಂಗ್ಲೆಂಡ್ ಅಂತ ಸುಮ್ಮನೆ ಕರೆಯಲಿಲ್ಲ. ಅಪ್ಪ ಮನೆಗೆ ಹೋಗಿ ಒಂದು ತೋಳು ಕಟ್ಟಿಗೆ ತಂದು ಲೈನಿನ ಮುಂದೆ ಬೆಂಕಿ ಹಾಕಿದ. ಗಣಿಯ ಮರದ ತುಂಡುಗಳು. ಶಿಫ್ಟ್ ಮುಗಿಸಿ ಬರುವಾಗ ಒಂದೊಂದಾಗಿ ತಂದು ಕೂಡಿಟ್ಟಿದ್ದವು. ಇನ್ನು ಮುಂದೆ ಬರುವುದಿಲ್ಲ ಅಂತ ಅಮ್ಮ ಲೆಕ್ಕ ಹಾಕಿ ಉರಿಸುತ್ತಿದ್ದವು. ಅವತ್ತು ಅವಳು ಬೇಡ ಅನ್ನಲಿಲ್ಲ.

"ಮುಂದೇನಾಯ್ತು ಅಂತ ನಾನು ಹೇಳ್ತೀನಿ, ಬನ್ರೋ," ಅಂದ ಅಪ್ಪ.

"ನಿನಗೆ ಹೆಂಗಪ್ಪ ಗೊತ್ತು?"

"ಗಣಿ ಕೆಲಸದೋನ ಕಥೆ ನನಗೆ ಗೊತ್ತಿಲ್ದೆ ನಿನಗೆ ಗೊತ್ತಾ?"

ಅಪ್ಪ ಹೇಳಿದ ಕಥೆ ಇದು. ಅವನು ಕನ್ನಡದಲ್ಲಿ ಶುರು ಮಾಡಿ, ಪಕ್ಕದ ಮನೆಯ ಮಕ್ಕಳಿಗೋಸ್ಕರ ನಡುನಡುವೆ ತಮಿಳಿಗೆ ಹೊರಳಿ, ಗಣಿಯ ಮಾತು ಬಂದಾಗಲೆಲ್ಲ ಇಂಗ್ಲಿಷಿಗೆ ಹಾರುತ್ತಿದ್ದ. ನಾನು ಕನ್ನಡದಲ್ಲೇ ಹೇಳುತ್ತೇನೆ.

ವ್ಯಾಪಾರಿ ಗೊರಕೆ ಹೊಡೆಯುತ್ತಾ ಮಲಗಿದ್ದಾನೆ. ತಾತ ಪೆಟ್ಟಿಗೆಯೊಳಗೆ ಎದ್ದು ಕೂತ. ಇಷ್ಟು ವರ್ಷ ಒಂದು ಸಲವೂ ಎತ್ತದ ಪಿಕಾಸಿ ಎತ್ತಿ ಪೆಟ್ಟಿಗೆಯ ಮೂಲೆಗೆ ಹೊಡೆದ, ರಟ್ಟು ಸೀಳಿತು. ಆಚೆ ಬಂದ. ಕಾಲು ಜೋಮು ಹಿಡಿದಿತ್ತು, ಒಂದು ಸುತ್ತು ಓಡಾಡಿ ಸರಿ ಮಾಡಿಕೊಂಡ. ಆಮೇಲೆ ಜೆಸ್ಸಿಯ ಹತ್ತಿರ ಹೋಗಿ, "ಅಮ್ಮಣ್ಣಿ, ಅಳಬೇಡ. ಮ್ಯೂಸಿಯಮ್ಮೂ ಬೇಡ, ಗೋದಾಮೂ ಬೇಡ. ನೀವು ನನ್ನ ಹಿಂದೆ ಬನ್ನಿ" ಅಂದ. ಮನೆಯ ನೆಲಕ್ಕೇ ಪಿಕಾಸಿ ಹಾಕಿದ.

ಮುಂದೆ ಅಗೆತದ ವಿವರ. ಅಪ್ಪನನ್ನು ಯಾರೂ ಅವಸರ ಮಾಡಿಸುವ ಹಾಗಿರಲಿಲ್ಲ. ಮೊದಲ ಅಡಿಗೆ ಮಣ್ಣು, ಆಮೇಲೆ ಕಲ್ಲು, ಆಮೇಲೆ ಬಂಡೆ. ಬಂಡೆಯನ್ನು ಬಡಿದು ಸದ್ದು ಕೇಳಬೇಕು. ಗಟ್ಟಿ ಸದ್ದಾದರೆ ಮುಂದೆ ಹೋಗಬಹುದು, ಪೊಳ್ಳು ಸದ್ದಾದರೆ ನಿಲ್ಲಬೇಕು, ಮರ ಕೊಡಬೇಕು. ತಾತನಿಗೆ ಮರ ಎಲ್ಲಿಂದ? ವ್ಯಾಪಾರಿಯ ಮೇಜಿನ ಪೆನ್ಸಿಲ್ಲುಗಳು. ಎರಡು ನೆಟ್ಟಗೆ, ಒಂದು ಅಡ್ಡ, ಸಂದಿಗೆ ಬೆಂಕಿಕಡ್ಡಿಯ ಬೆಣೆ. ಒಬ್ಬ ಹುಡುಗ, "ಬೆಂಕಿಕಡ್ಡಿ ತಡೀತದಾ ಮಾಮ?" ಅಂದ. "ಬೊಂಬೆ ಸೈಜಿಗೆ ತಡೀತದೆ, ನಿನ್ ಸೈಜಿಗೆ ತಡಿಯಲ್ಲ" ಅಂತ ಅಪ್ಪ ಬೆಂಕಿಯ ಮುಂದೆ ಕಡ್ಡಿಗಳನ್ನು ನೆಟ್ಟು ಹೇಗೆ ಕೊಡಬೇಕು ಅಂತ ಮಾಡಿ ತೋರಿಸಿದ. ನಾವು ಅವನ ಕೆಲಸವನ್ನು ಕಂಡದ್ದು ಅದೇ ಮೊದಲು. ಮೂರು ಕಿಲೋಮೀಟರ್ ಕೆಳಗಿನ ಕೆಲಸ ನೋಡಲು ಮಕ್ಕಳನ್ನು ಯಾರು ಕರೆದೊಯ್ಯುತ್ತಾರೆ?

ಇಳಿಯುತ್ತಾ ಇಳಿಯುತ್ತಾ ಸೆಖೆ. ಬಜ್ ತನ್ನ ಗಾಜಿನ ಟೋಪಿ ತೆಗೆದಿಟ್ಟ. (ಬಜ್ ಅಲ್ಲಿಗೆ ಹೇಗೆ ಬಂದ ಅಂತ ನಾವು ಕೇಳಲಿಲ್ಲ.) ಒಂದು ಕಡೆ ದೀಪ ಕಂಡಿತು. ನೋಡಿದರೆ ಜಪಾನಿನವರು! ದೊಡ್ಡ ಕಬ್ಬಿಣದ ಗೂಡಿನ ಮುಂದೆ ಕೂತು ಟೀ ಕುಡಿಯುತ್ತಿದ್ದಾರೆ. "ಮ್ಯೂಸಿಯಮ್ ಅಂತ ಹೇಳಿದ್ದು ಇವ್ರೇನಾ?" ಅಂತ ವುಡಿ ಹೆದರಿದ. ತಾತ ನಕ್ಕು, "ಹೆದರಬೇಡ, ಇವ್ರು ನಮ್ಮೋರು" ಅಂದ.

ಇದನ್ನು ಅಪ್ಪ ಕಟ್ಟಿ ಹೇಳುತ್ತಿದ್ದಾನೆ ಅಂತ ದೊಡ್ಡವಳಾಗುವವರೆಗೂ ಅಂದುಕೊಂಡಿದ್ದೆ. ಜಪಾನಿನವರು ನಿಜ. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ನಮ್ಮ ಗಣಿಯ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣಗಳನ್ನಿಟ್ಟು ಕೂತಿದ್ದವು. 1965ರಲ್ಲಿ, ವಾತಾವರಣದಲ್ಲಿ ಹುಟ್ಟಿ ಬರುವ ನ್ಯೂಟ್ರಿನೊ ಕಣದ ಗುರುತು ಪ್ರಪಂಚದಲ್ಲೇ ಮೊದಲು ಸಿಕ್ಕ ಜಾಗಗಳಲ್ಲಿ ಒಂದು ಕೆಜಿಎಫ್. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅದು ಸಿಕ್ಕ ಇನ್ನೊಂದು ಜಾಗ ದಕ್ಷಿಣ ಆಫ್ರಿಕಾದಲ್ಲಿ. ಅದೂ ಚಿನ್ನದ ಗಣಿಯೇ. ಮುಂದೆ 1980ರಲ್ಲಿ 140 ಟನ್ನಿನ ಕಬ್ಬಿಣದ ಗೂಡು ಕಟ್ಟಿ, ಪ್ರೋಟಾನ್ ಅನ್ನುವ ಕಣ ಎಂದಾದರೂ ಸಾಯುತ್ತದೆಯೇ ಅಂತ ಕಾಯಲು ಭಾರತದವರೂ ಜಪಾನಿನವರೂ ಶುರು ಮಾಡಿದರು. ಅಪ್ಪ ಕಂಡದ್ದು ಇವರನ್ನು. ತಲೆಗೆ ಅದೇ ಹೆಲ್ಮೆಟ್, ಅದೇ ಕೇಜಿನಲ್ಲಿ ಒತ್ತಿಕೊಂಡು ನಿಂತು ಇಳಿಯುವುದು. "ಅವ್ರು ಅದೇನೋ ಸಾಯೋದಕ್ಕೆ ಕಾಯ್ತಾ ಕೂತವ್ರಂತೆ, ವರ್ಷಗಟ್ಲೆ. ನಾವು ಯಾರೂ ಸಾಯ್ದಿರಲಿ ಅಂತ ಮರ ಕೊಡ್ತಾ ಇದ್ವಿ" ಅಂತ ಒಮ್ಮೆ ಹೇಳಿದ್ದ. ಸ್ಪುಟ್ನಿಕ್ ಬಂದು ಕೌಬಾಯ್ ಬೊಂಬೆಗಳ ಹೊಟ್ಟೆ ಮೇಲೆ ಹೊಡೆಯಿತು ಅಂತ ಆ ಸಿನಿಮಾ ಹೇಳುತ್ತದೆ. ನಮ್ಮಲ್ಲಿ ಆಕಾಶದಿಂದ ಬಂದದ್ದನ್ನು ಹಿಡಿಯುವುದಕ್ಕೇ ಜನ ಗಣಿಗೆ ಇಳಿದರು.

ಕಥೆಗೆ ಬರೋಣ. ಜಪಾನಿನವರು ಬೊಂಬೆಗಳಿಗೆ ಟೀ ಕೊಟ್ಟು ಶಾಫ್ಟಿನ ದಾರಿ ತೋರಿಸಿದರು. ತಾತ ಎಲ್ಲರನ್ನೂ ಕೇಜಿಗೆ ಹತ್ತಿಸಿದ, ಎಣಿಸಿದ. ಕುದುರೆಗೆ ಜಾಗ ಸಾಲದೆ ತಾನೇ ಕೆಳಗಿಳಿದು ನಿಂತು, ಅದನ್ನು ಹತ್ತಿಸಿ ಗಂಟೆ ಹೊಡೆದ. ಕೇಜು ಮೇಲೆ ಹೋಯಿತು. ನಾವು ಉಸಿರು ಬಿಗಿ ಹಿಡಿದು ಕೂತಿದ್ದೆವು. ತಾತ ಕೆಳಗೇ ಉಳಿದುಬಿಟ್ಟನಲ್ಲ! ಅಪ್ಪ ಬೀಡಿ ಹಚ್ಚಿದ, ಒಂದು ದಮ್ಮು ಎಳೆದ. "ಕೇಜು ವಾಪಸು ಬಂತು. ಬರದೇ ಏನು? ಕೆಳಗೆ ಒಬ್ಬ ಅವ್ನೆ ಅಂದ್ಮೇಲೆ ಕೇಜು ಬರಲೇಬೇಕು. ಅದು ರೂಲು."

ಮೇಲೆ ಬಂದು ನೋಡಿದರೆ ಚಾಂಪಿಯನ್ ರೀಫ್ಸ್. ಗಿಫರ್ಡ್ ಶಾಫ್ಟಿನ ಬಾಯಿ. ಆ ಕಡೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ, ಈ ಕಡೆ ಲೈನು. ಸಾಲಾಗಿ ಮಕ್ಕಳು. ಜೆಸ್ಸಿಯನ್ನು ಒಬ್ಬಳು ಎತ್ತಿಕೊಂಡಳು, ಕುದುರೆಯನ್ನು ಒಬ್ಬ. ಯಾರ‍್ಯಾರಿಗೆ ಯಾವ ಬೊಂಬೆ ಅಂತ ಅಪ್ಪ ಹೆಸರು ಹಿಡಿದು ಹಂಚಿದ. ನನಗೆ ತಾತ ಬಂದ.

"ಅವ್ನನ್ನ ಇಟ್ಕೊಂಡು ಏನ್ ಮಾಡ್ಲಿ?" ಅಂದೆ.

"ಆಡು. ಮಣ್ಣಲ್ಲಿ ಹಾಕಿ ಆಡು. ಇನ್ನೊಂದ್ಸಾರಿ ಪೆಟ್ಟಿಗೆಗೆ ಹಾಕ್ಬೇಡ ಅಷ್ಟೇ."

ಕರೆಂಟು ಬಂದಾಗ ರಾತ್ರಿ ಎಷ್ಟಾಗಿತ್ತೋ. ದೊಡ್ಡವರು ರಜನಿ ಹಾಕಿಕೊಂಡರು. ಎರಡನೇ ಡಿಸ್ಕ್ ಕವರಿನೊಳಗೇ ಬೆಳಗಿನ ಜಾವ ರಾಬರ್ಟ್‌ಸನ್ ಪೇಟೆಗೆ ಹೋಯಿತು. ನಮ್ಮಲ್ಲಿ ಯಾರೂ ಅದನ್ನು ಕೇಳಲಿಲ್ಲ. ಕಥೆ ಮುಗಿದಿತ್ತಲ್ಲ.

ಆಮೇಲಿನದು ಕೆಜಿಎಫ್‌ನ ಎಲ್ಲ ಮನೆಗಳ ಕಥೆಯೇ, ಉದ್ದ ಮಾಡುವುದಿಲ್ಲ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕಾಯುವ ಕೆಲಸ ಹಿಡಿದ. ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಚಾಂಪಿಯನ್, ಕೋರಮಂಡಲ್ ದಾಟಿ ಬಂಗಾರಪೇಟೆ ತಲುಪುವ ಹೊತ್ತಿಗೇ ತುಂಬಿರುತ್ತಿತ್ತು. ಕೂತಲ್ಲೇ ನಿದ್ದೆ, ಸಂಜೆ ಅದೇ ದಾರಿ. ಭಾನುವಾರಗಳಲ್ಲಿ ನನ್ನನ್ನು ಬಂಗಾರಪೇಟೆಗೆ ಕರೆದೊಯ್ದು, ಅಲ್ಲಿಯ ನೀರಿನಷ್ಟೇ ತಿಳಿಯಾದ ಪಾನಿಯ ಪಾನಿಪುರಿ ಕೊಡಿಸುತ್ತಿದ್ದ. ನಾನು ಓದಿ ಬೆಂಗಳೂರು ಸೇರಿದೆ. ಅಪ್ಪ ಮಾತ್ರ ಲೈನಿನ ಮನೆ ಬಿಟ್ಟು ಬರಲಿಲ್ಲ. ಅಮ್ಮ ಹೋದ ಮೇಲೂ ಬರಲಿಲ್ಲ.

ಹೋದ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಪೆಟ್ಟಿಗೆ ತಾತನ ಕಥೆ ಅವಳಿಗೆ ಬಾಯಿಪಾಠ. ಅಪ್ಪ ಫೋನಿನಲ್ಲೇ ಎಷ್ಟೋ ಸಲ ಹೇಳಿದ್ದಾನೆ, ಒಂದೊಂದು ಸಲ ಒಂದೊಂದು ಲೆವೆಲ್ ಹೆಚ್ಚಿಗೆ ಇಳಿಸಿ. ಸಿನಿಮಾ ನೋಡೋಣ ಅಂತ ಹಟ ಹಿಡಿದಳು. ಈಗ ಡಿಸ್ಕಿಲ್ಲ, ಬಾಡಿಗೆಯಿಲ್ಲ. ಫೋನಿನಿಂದ ಟಿವಿಗೆ ಹಾಕಿದರಾಯಿತು. ಕರೆಂಟೂ ಇತ್ತು. ಮೂವರೂ ಕಂಬಳಿ ಹೊದ್ದು ಕೂತೆವು.

ಜೆಸ್ಸಿಯ ಹಾಡು ಮುಗಿಯಿತು. ಮುಂದಿನದನ್ನು ನಾವಿಬ್ಬರೂ, ಅಪ್ಪ ಮತ್ತು ನಾನು, ಮೊದಲ ಸಲ ನೋಡುವವರು.

ವುಡಿ ಮನಸ್ಸು ಬದಲಿಸಿ ಆಂಡಿಯ ಮನೆಗೆ ಹೊರಟ. ತಾತ ಪೆಟ್ಟಿಗೆಯಿಂದ ಆಚೆ ಬಂದ. ಮಗಳು ಚಪ್ಪಾಳೆ ತಟ್ಟಿದಳು, "ಈಗ ಅಗೀತಾನೆ ನೋಡು!" ತಾತ ಪಿಕಾಸಿ ಎತ್ತಿದ. ಎತ್ತಿ, ತಪ್ಪಿಸಿಕೊಳ್ಳುವ ಕಿಂಡಿಯ ಜಾಲರಿಯನ್ನು ಅದರಿಂದಲೇ ಬಿಗಿದುಬಿಟ್ಟ. ವುಡಿ ಮೊದಲೇ ಓಡಿಹೋಗದ ಹಾಗೆ ಸಂಚು ಮಾಡಿ, ತಪ್ಪನ್ನು ಜೆಸ್ಸಿಯ ತಲೆಗೆ ಕಟ್ಟಿದವನೂ ಅವನೇ ಅಂತ ಆಯಿತು. ಕೊನೆಗೆ ವಿಮಾನ ನಿಲ್ದಾಣದ ಸಾಮಾನಿನ ನಡುವೆ, ಅದೇ ಪಿಕಾಸಿಯಿಂದ ವುಡಿಯ ತೋಳು ಸೀಳಿದ.

ಮಗಳು ಅಪ್ಪನ ಕಡೆ ತಿರುಗಿ ನೋಡಿದಳು. ನಾನೂ ನೋಡಿದೆ. ಅಪ್ಪ ಟಿವಿಯಿಂದ ಕಣ್ಣು ಕೀಳಲಿಲ್ಲ.

"ಪಿಕಾಸಿ ಹಿಡ್ಕೊಳ್ಳೋದೇ ಗೊತ್ತಿಲ್ಲ ಅವ್ನಿಗೆ," ಅಂದ. "ಎರಡು ಕೈ ಮಧ್ಯ ಎಷ್ಟು ಜಾಗ ಬಿಟ್ಟವ್ನೆ ನೋಡು. ಇವ್ನು ಒಂದು ದಿನಾನೂ ಕೆಳಗಿಳಿದಿಲ್ಲ."

ಒಂದು ಗುಕ್ಕು ಟೀ ಕುಡಿದು ಮುಂದುವರಿಸಿದ. "ಪ್ರಾಸ್ಪೆಕ್ಟರ್ ಅಂದ್ರೆ ಹಂಗೇ. ಹುಡುಕೋನು ಬೇರೆ, ಅಗಿಯೋನು ಬೇರೆ. ನಮ್ಮೂರಿಗೂ ಬಂದಿದ್ನಲ್ಲ ಲವೆಲ್ಲು."

ಅಪ್ಪ ಹೇಳಿದ್ದು ಮೈಕಲ್ ಲವೆಲ್ ಅನ್ನುವ ಐರಿಶ್ ಸೈನಿಕನ ಮಾತು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದವನು, ಹಳೇ ವರದಿಯೊಂದನ್ನು ಓದಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಹೊರಟ. ಆ ವರದಿ ಬರೆದ ಜಾನ್ ವಾರೆನ್ ಅನ್ನುವ ಅಧಿಕಾರಿಗೆ 1802ರಲ್ಲಿ ಚಿನ್ನ ತೋರಿಸಿಕೊಟ್ಟವರು ಈ ಕಡೆಯ ಹಳ್ಳಿಗರೇ. 1875ರಲ್ಲಿ ಲವೆಲ್‌ಗೆ ಮೈಸೂರು ಸರ್ಕಾರದ ಪರವಾನಗಿ ಸಿಕ್ಕಿತು. ಅಗೆಯುವಷ್ಟು ಬಂಡವಾಳ ಇರಲಿಲ್ಲ, ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಇವತ್ತು ಬೆಂಗಳೂರಿನ ದುಬಾರಿ ರಸ್ತೆಯೊಂದಕ್ಕೆ ಅವನ ಹೆಸರಿದೆ. ಅಗೆದವರ ಹೆಸರಿನ ರಸ್ತೆ ನಾನು ಎಲ್ಲೂ ಕಂಡಿಲ್ಲ.

ಸಿನಿಮಾ ನೋಡುತ್ತಾ ನೋಡುತ್ತಾ ನನಗೆ ಸಿಟ್ಟು ಬರುತ್ತಿತ್ತು, ಅಪ್ಪನ ಮೇಲಲ್ಲ. ತಾತ ಹೇಳುವ ಮಾತಿನಲ್ಲಿ ಸುಳ್ಳೇನಿದೆ? ಮಕ್ಕಳು ದೊಡ್ಡವರಾಗುತ್ತಾರೆ, ಬೊಂಬೆಗಳನ್ನು ಎಸೆಯುತ್ತಾರೆ ಅನ್ನುತ್ತಾನೆ. 2010ರಲ್ಲಿ ಬಂದ ಮೂರನೇ ಭಾಗದ ಕಥೆ ಪೂರ್ತಿ ಅದೇ. ಆಂಡಿ ಕಾಲೇಜಿಗೆ ಹೊರಡುತ್ತಾನೆ, ಬೊಂಬೆಗಳು ಮೂಟೆ ಸೇರುತ್ತವೆ. ಅಂಗಡಿಯ ಕಪಾಟಿನಲ್ಲಿ ನಿಂತು, ಪಕ್ಕದ ಬೊಂಬೆಗಳೆಲ್ಲ ಒಂದೊಂದಾಗಿ ಮಾರಾಟವಾಗುವುದನ್ನು ನೋಡಿದವನು ಇನ್ನೇನು ಮಾತಾಡಿಯಾನು? ಒಮ್ಮೆಯಾದರೂ ಪ್ರೀತಿ ಕಂಡ ಬೊಂಬೆಗಳಿಗೆ ಈ ಸಿನಿಮಾ ಬಹಳ ಕರುಣೆ ತೋರಿಸುತ್ತದೆ. ಜೆಸ್ಸಿಗೆ ಹೊಸ ಮನೆ ಸಿಕ್ಕಿತು, ಪೆಂಗ್ವಿನ್ನಿಗೆ ಕೂಗು ಬಂತು. ಪ್ರೀತಿಯನ್ನೇ ಕಾಣದವನನ್ನು ಹಿಡಿದು ವಿಲನ್ ಮಾಡಿದೆ. ಇಷ್ಟು ಚೆಂದದ ಸಿನಿಮಾದಲ್ಲಿ ಇದೊಂದು ನನಗೆ ಇವತ್ತಿಗೂ ಒಪ್ಪಿಗೆಯಾಗದ್ದು.

ಚೆಂದದ್ದು ಅನ್ನುವುದರಲ್ಲಿ ಅನುಮಾನ ಬೇಡ. ಅದನ್ನು ಮಾಡಿದ ಪಿಕ್ಸಾರ್ ಕಂಪನಿಯಲ್ಲಿ, 1998ರಲ್ಲಿ ಯಾರೋ ಕಂಪ್ಯೂಟರಿಗೆ ತಪ್ಪು ಆಜ್ಞೆ ಕೊಟ್ಟು ಸಿನಿಮಾದ ಬಹುಪಾಲು ಕಡತಗಳು ಕಣ್ಣೆದುರೇ ಅಳಿಸಿಹೋದವಂತೆ. ಕಾಪಿಟ್ಟ ಪ್ರತಿಗಳೂ ಕೆಲಸ ಮಾಡುತ್ತಿರಲಿಲ್ಲ. ಗ್ಯಾಲಿನ್ ಸಸ್‌ಮನ್ ಅನ್ನುವ ಹೆಣ್ಣುಮಗಳು ಬಾಣಂತಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದುದರಿಂದ ಅವಳ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು ತಂದರು. ಆಮೇಲೆ ಕಥೆಯೇ ಸರಿಯಿಲ್ಲವೆಂದು ಹೆಚ್ಚಿನದನ್ನು ಕಿತ್ತುಹಾಕಿ ಒಂಬತ್ತು ತಿಂಗಳಲ್ಲಿ ಹೊಸದಾಗಿ ಮಾಡಿದರು. ರಾತ್ರಿ ಹಗಲು ದುಡಿದು ಎಷ್ಟೋ ಜನರ ಮಣಿಕಟ್ಟು ಕೆಟ್ಟವು. 1999ರ ನವೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಇದನ್ನೆಲ್ಲ ಅವತ್ತು ಅಪ್ಪನಿಗೆ ಹೇಳಿದೆ. ಕೈ ಕೆಟ್ಟವರಿಗೆ ಕಂಪನಿ ಏನು ಕೊಟ್ಟಿತು ಅಂತ ಕೇಳಿದ. ಎರಡು ಸಲ ಮಾಡಿದ ಸಿನಿಮಾದ ಮೂರನೇ ಪಾಠ ನಮ್ಮ ಲೈನಿನ ಮುಂದೆ ಬೆಂಕಿ ಕಾಯಿಸುತ್ತಾ ಆದದ್ದು ಆ ಕಂಪನಿಗೆ ಗೊತ್ತಿಲ್ಲ.

ಕೊನೆಗೆ ತಾತನಿಗೆ ಶಿಕ್ಷೆ. ವುಡಿ ಮತ್ತು ಗೆಳೆಯರು ಅವನನ್ನು ಹಿಡಿದು ವಿಮಾನ ನಿಲ್ದಾಣದಲ್ಲಿ ಯಾರೋ ಪುಟ್ಟ ಹುಡುಗಿಯ ಬ್ಯಾಗಿಗೆ ತುರುಕಿಬಿಡುತ್ತಾರೆ. ಬ್ಯಾಗಿನಲ್ಲಿ ಮೊದಲೇ ಒಂದು ಬೊಂಬೆ ಇದೆ, ಮುಖದ ತುಂಬಾ ಬಣ್ಣ ಬಳಿಸಿಕೊಂಡು. ಆ ಹುಡುಗಿಗೆ ಬೊಂಬೆಗಳ ಮುಖಕ್ಕೆ ಬಣ್ಣ ಹಚ್ಚುವ ಹುಚ್ಚು ಅಂತ ಅದು ಹೇಳುತ್ತದೆ. ತಾತ ಕಿರುಚುತ್ತಾನೆ. ನೋಡುವವರು ನಗಬೇಕು.

ಅಪ್ಪ ನಗಲಿಲ್ಲ. ಕಂಬಳಿ ಸರಿಸಿ ಮುಂದಕ್ಕೆ ಬಗ್ಗಿದ.

"ಇದು ಶಿಕ್ಷೇನಾ?"

"ಹೌದಪ್ಪ, ಹಾಗೆ ತೋರಿಸಿದಾರೆ."

"ಏನ್ ಶಿಕ್ಷೆ? ಕೊನೆಗೂ ಒಂದು ಮಗು ಅವ್ನನ್ನ ಆಡಕ್ಕೆ ತಗಂಡೋಯ್ತಲ್ಲ! ಬಣ್ಣ ಹಚ್ಲಿ ಬಿಡು, ಮುಖಕ್ಕೇನ್ ಕಮ್ಮಿ ಆಯ್ತು? ಒಂದಿನ ಹೋದ್ರೆ ಅವ್ನಿಗೇ ತಿಳೀತದೆ."

"ತಾತ, ನಿನ್ ಕಥೇಲೂ ಹಿಂಗೇ ತಾನೆ ಆಗೋದು," ಅಂದಳು ಮಗಳು. "ಅಮ್ಮಂಗೆ ಕೊಟ್ಬಿಟ್ಟೆ ಅಲ್ವಾ ಅವ್ನನ್ನ?"

"ಮತ್ತೆ? ನಾನು ಕರೆಂಟ್ ಇಲ್ದೇ ಹೇಳಿದ್ದೆ ಅದನ್ನ." ಅಪ್ಪನ ಮುಖದಲ್ಲಿ ಗೆದ್ದವನ ಕಳೆ. "ಮಧ್ಯ ಇವ್ರು ಸುಮ್ನೆ ಜಗಳ ಹಾಕ್ಸವ್ರೆ, ಅಷ್ಟೇ."

ಮಗಳು ಬಿಡುವವಳಲ್ಲ. ಸಿನಿಮಾ ಶುರುವಿನಲ್ಲೇ ಬರುವ ಝರ್ಗ್ ಅನ್ನುವ ರಾಕ್ಷಸ, ಬಜ್‌ನ ಶತ್ರು, ಆಮೇಲೂ ಬಂದು ಲಿಫ್ಟಿನ ಮೇಲೆ ಹೊಡೆದಾಡಿ ಹೋಗಿದ್ದ. ಅಪ್ಪನ ಕಥೆಯಲ್ಲಿ ಅವನ ಸುದ್ದಿಯೇ ಇಲ್ಲ.

"ಹಂಗಾದ್ರೆ ಝರ್ಗ್ ಎಲ್ಲಿದ್ದ? ಅವ್ರು ಅಗೀತಾ ಇರೋವಾಗ ಅವ್ನು ಏನ್ ಮಾಡ್ತಾ ಇದ್ದ?"

"ಅವ್ನಾ?" ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಅವ್ನಿಗೆ ಅವತ್ತು ನೈಟ್ ಶಿಫ್ಟು."